ಚೌತಿ, ಮಿಲಾದ್, ಮೊಂತಿ: ಹಬ್ಬದ ದಿನವನ್ನು ಗೊತ್ತುಮಾಡುವವರು ಯಾರು?

(ದುಬೈಯ ಊದ್ ಮೇಥಾದಲ್ಲಿ 2025ರ ಸೆಪ್ಟೆಂಬರ್ ಕೊನೆಯ ವಾರ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸರ್ವಧರ್ಮ ಸಾಮರಸ್ಯದ ಮೇಲೆ ಮಾತಾಡಬೇಕೆಂದು ಸಂಘದವರು ಕೇಳಿದರು. ಆಗಲಿ, ಆದರೆ ನಾನು ಕ್ಯಾಲೆಂಡರಿನ ಮೇಲೆ ಮಾತಾಡುತ್ತೇನೆ ಎಂದೆ. ಸಾಮರಸ್ಯದ ಭಾಷಣಕ್ಕೆ ಯಾರ ತಕರಾರೂ ಇರುವುದಿಲ್ಲ. ಎಲ್ಲರೂ ತಲೆದೂಗಿ ಊಟಕ್ಕೆ ಏಳುತ್ತಾರೆ. ತಾರೀಕಿನ ಮಾತು ಹಾಗಲ್ಲ. ನಿಮ್ಮ ಹಬ್ಬ ಯಾವತ್ತು, ಅವತ್ತೇ ಏಕೆ, ಹೇಳಿದವರು ಯಾರು ಎಂದು ಕೇಳಿದ ಕೂಡಲೇ ಲೆಕ್ಕ ಬರುತ್ತದೆ, ಚರಿತ್ರೆ ಬರುತ್ತದೆ, ಸ್ವಲ್ಪ ಜಗಳವೂ ಬರುತ್ತದೆ. ಒಂದು ಧರ್ಮ ಇನ್ನೊಂದರ ಪಕ್ಕದಲ್ಲಿ ನಿಜವಾಗಿ ಹೇಗೆ ಬಾಳಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಈಗಷ್ಟೇ ಮುಗಿದ ಆರು ವಾರಗಳನ್ನೇ ನೋಡಿ. ಆಗಸ್ಟ್ 15 ನಮಗೆ ಸ್ವಾತಂತ್ರ್ಯದ ದಿನ, ಕಥೋಲಿಕರಿಗೆ ಮೇರಿಮಾತೆ ಸ್ವರ್ಗಕ್ಕೇರಿದ ದಿನ, ಶಹನ್‌ಶಾಹಿ ಲೆಕ್ಕದ ಪಾರ್ಸಿಗಳಿಗೆ ಹೊಸ ವರ್ಷ. ಮರುದಿನ ಊರಿನ ಬಹುಪಾಲು ಮನೆಗಳಲ್ಲಿ ಕೃಷ್ಣಾಷ್ಟಮಿ. ಜೈನರ ಪರ್ಯೂಷಣ ನಡೆಯುತ್ತಿರುವಾಗಲೇ ಆಗಸ್ಟ್ 27ಕ್ಕೆ ಚೌತಿ. ಸೆಪ್ಟೆಂಬರ್ 5ರ ಶುಕ್ರವಾರ ತಿರುವೋಣಂ ಮತ್ತು ಮಿಲಾದ್ ಒಟ್ಟಿಗೆ ಬಂದವು; ಆ ದಿನ ಇಲ್ಲಿ ಸರ್ಕಾರಿ ರಜೆಯೂ ಇತ್ತು. 6ಕ್ಕೆ ಅನಂತ ಚತುರ್ದಶಿ, 8ಕ್ಕೆ ಮೊಂತಿ ಫೆಸ್ತ್, 11ಕ್ಕೆ ಇಥಿಯೋಪಿಯದವರ ಮತ್ತು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ಹೊಸ ವರ್ಷ, 14ಕ್ಕೆ ಉಡುಪಿಯ ಕೃಷ್ಣಾಷ್ಟಮಿ. 22ರಂದು ನವರಾತ್ರಿ ಆರಂಭ. ಅದೇ ದಿನ ಸೂರ್ಯಾಸ್ತಕ್ಕೆ ಯಹೂದಿಗಳ ಹೊಸ ವರ್ಷ ರೋಷ್ ಹಶಾನಾ. ಇವರೆಲ್ಲರೂ ದುಬೈಯಲ್ಲಿದ್ದಾರೆ. ಹೆಚ್ಚಿನವರು ಈ ಸಭಾಂಗಣಕ್ಕೆ ಹತ್ತಿರದ ಯಾವುದೋ ಕಟ್ಟಡಕ್ಕೆ ಒಂದಲ್ಲ ಒಂದು ಕಾರಣಕ್ಕೆ ಬಂದು ಹೋದವರೇ. ಊದ್ ಮೇಥಾದಲ್ಲಿ ಸೇಂಟ್ ಮೇರೀಸ್ ಚರ್ಚ್ ಇದೆ, ಆಂಗ್ಲಿಕನ್ನರ ಹೋಲಿ ಟ್ರಿನಿಟಿ ಇದೆ, 1961ರಲ್ಲಿ ಹುಟ್ಟಿದ ಇಂಡಿಯನ್ ಹೈಸ್ಕೂಲ್ ಇದೆ, ಪಾಕಿಸ್ತಾನಿಗಳ ಸಂಘ ಇದೆ, ಇರಾನಿಯನ್ ಕ್ಲಬ್ ಇದೆ.

ಇಷ್ಟು ಹಬ್ಬಗಳು ಒಂದೇ ಋತುವಿನಲ್ಲಿ ಗುಂಪುಗೂಡಿದ್ದು ಕಾಕತಾಳೀಯವೇ? ಅರ್ಧ ಹೌದು, ಅರ್ಧ ಅಲ್ಲ.

ಲೆಕ್ಕಗಳು

ಮೊದಲು ಲೆಕ್ಕಗಳನ್ನು ಬಿಡಿಸಿ ನೋಡೋಣ. ಕಥೋಲಿಕರ ಆಗಸ್ಟ್ 15 ಮತ್ತು ಸೆಪ್ಟೆಂಬರ್ 8 ಸೂರ್ಯನ ವರ್ಷಕ್ಕೆ ಮೊಳೆ ಹೊಡೆದು ನಿಲ್ಲಿಸಿದ ದಿನಗಳು, ಕದಲುವುದಿಲ್ಲ. ಮುಸ್ಲಿಮರ ಹಿಜರಿ ವರ್ಷ ಶುದ್ಧ ಚಾಂದ್ರಮಾನದ್ದು. 354 ಅಥವಾ 355 ದಿನ. ಪ್ರತಿ ವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 1992ರಲ್ಲಿ ದುಬೈಗೆ ಬಂದಿಳಿದವರು ಆ ವರ್ಷದ ಮಿಲಾದನ್ನು ಸೆಪ್ಟೆಂಬರಿನಲ್ಲಿ ಕಂಡಿದ್ದರು. ಈಗ ನಿವೃತ್ತಿಯ ಅಂಚಿನಲ್ಲಿ ಮತ್ತೆ ಸೆಪ್ಟೆಂಬರಿನ ಮಿಲಾದನ್ನು ಕಂಡಿದ್ದಾರೆ. ಗಲ್ಫಿನ ಒಂದು ದುಡಿಮೆಯ ಆಯುಷ್ಯ ಅಂದರೆ ಹಿಜರಿಯ ಒಂದು ಪೂರ್ತಿ ಸುತ್ತು.

ನಮ್ಮ ಚಾಂದ್ರಮಾನ ಪಂಚಾಂಗವೂ ಚಂದ್ರನನ್ನೇ ಹಿಡಿದದ್ದು. ಆದರೆ ಸೂರ್ಯನಿಂದ ತೀರಾ ದೂರ ಹೋಗದಂತೆ ಮೂರು ವರ್ಷಕ್ಕೊಮ್ಮೆಯೋ ಅದಕ್ಕೂ ಮೊದಲೋ ಒಂದು ಅಧಿಕ ಮಾಸವನ್ನು ಸೇರಿಸಿಕೊಳ್ಳುತ್ತದೆ. ಯಹೂದಿಗಳದ್ದೂ ಇದೇ ದಾರಿ: 19 ವರ್ಷಕ್ಕೆ ಏಳು ಅಧಿಕ ಮಾಸ. ಹಾಗಾಗಿಯೇ ನವರಾತ್ರಿಯ ಪಾಡ್ಯ ಮತ್ತು ರೋಷ್ ಹಶಾನಾ ಈ ಸಲ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು. ಬರುವ ಅಕ್ಟೋಬರ್ 2ರಂದು ಮೈಸೂರಿನಲ್ಲಿ ಜಂಬೂಸವಾರಿ ಹೊರಡುವಾಗ ಯಹೂದಿಗಳು ಯೋಮ್ ಕಿಪ್ಪುರಿನ ಉಪವಾಸದಲ್ಲಿರುತ್ತಾರೆ. ಅವರದ್ದೂ ತಿಂಗಳ ಹತ್ತನೆಯ ದಿನ, ನಮ್ಮದೂ ದಶಮಿ.

ಓಣಂಗೆ ಬೇರೆ ಅಳತೆ: ಸೂರ್ಯ ಸಿಂಹರಾಶಿಯಲ್ಲಿರುವ ತಿಂಗಳು, ಅದರಲ್ಲಿ ಶ್ರವಣ ನಕ್ಷತ್ರ. ಪಾರ್ಸಿಗಳ ಶಹನ್‌ಶಾಹಿ ವರ್ಷಕ್ಕೆ 365 ದಿನ ಮಾತ್ರ. ಅಧಿಕ ದಿನವನ್ನು ಸೇರಿಸದೆ ಬಿಟ್ಟದ್ದರಿಂದ ವಸಂತದಲ್ಲಿರಬೇಕಾದ ನವರೋಜ್ ಜಾರುತ್ತಾ ಜಾರುತ್ತಾ ಆಗಸ್ಟಿಗೆ ಬಂದು ಕೂತಿದೆ.

ಇನ್ನೊಂದು ಸ್ವಾರಸ್ಯವಿದೆ. ಹಿಜರಿ ತಿಂಗಳು ಶುರುವಾಗುವುದು ಅಮಾವಾಸ್ಯೆ ಕಳೆದು ಎಳೆಚಂದ್ರ ಕಂಡ ಮೇಲೆ. ಆದ್ದರಿಂದ ರಬೀಉಲ್ ಅವ್ವಲ್ ತಿಂಗಳ 12ನೆಯ ದಿನ ನಮ್ಮ ಲೆಕ್ಕಕ್ಕೆ ಶುಕ್ಲ ತ್ರಯೋದಶಿಯ ಅಥವಾ ಚತುರ್ದಶಿಯ ಆಸುಪಾಸಿಗೆ ಬರುತ್ತದೆ. ಆ ತಿಂಗಳೂ ಭಾದ್ರಪದವೂ ಜತೆಯಾದ ವರ್ಷಗಳಲ್ಲಿ ಮಿಲಾದ್ ಮತ್ತು ಅನಂತ ಚತುರ್ದಶಿ ಪಕ್ಕಪಕ್ಕದಲ್ಲೇ ಇರಬೇಕು, ಬೇರೆ ದಾರಿಯಿಲ್ಲ. 2023ರಲ್ಲಿ ಎರಡೂ ಸೆಪ್ಟೆಂಬರ್ 28ಕ್ಕೆ. 2024ರಲ್ಲಿ ಭಾರತದಲ್ಲಿ 16 ಮತ್ತು 17. ಈ ವರ್ಷ 5 ಮತ್ತು 6. ಬೀದಿಯಲ್ಲಿ ಎರಡು ಮೆರವಣಿಗೆಗಳು ಎದುರಾದಾಗ ಪತ್ರಿಕೆಗಳು ಅದನ್ನು ಪೊಲೀಸರ ಸಮಸ್ಯೆಯೆಂದು ಬರೆಯುತ್ತವೆ. ಅವುಗಳನ್ನು ಎದುರುಬದುರು ತಂದು ನಿಲ್ಲಿಸಿದ್ದು ಚಂದ್ರ.

ನಕ್ಷತ್ರ, ಸಮುದ್ರ, ಭತ್ತ

ಇನ್ನು ಕಾಕತಾಳೀಯವಲ್ಲದ ಅರ್ಧ. ಇಲ್ಲಿಯವರು ಬೇಸಿಗೆಯ ಕೊನೆ ಎನ್ನುವ ಕಾಲ ಊರಿನಲ್ಲಿ ಮಳೆಗಾಲದ ಕೊನೆ. ಎರಡಕ್ಕೂ ಗಡಿಕಲ್ಲಾಗಿ ನಿಂತಿರುವುದು ಒಂದೇ ನಕ್ಷತ್ರ. ಅರಬರು ಅದನ್ನು ಸುಹೈಲ್ ಎನ್ನುತ್ತಾರೆ, ನಾವು ಅಗಸ್ತ್ಯ ಎನ್ನುತ್ತೇವೆ. ಎಮಿರೇಟ್ಸಿನಲ್ಲಿ ಆಗಸ್ಟ್ 24ರ ಹೊತ್ತಿಗೆ ಸೂರ್ಯೋದಯಕ್ಕೆ ಮುನ್ನ ಸುಹೈಲ್ ದಕ್ಷಿಣದಲ್ಲಿ ಕಾಣಿಸಿಕೊಂಡರೆ ಸೆಖೆಯ ಬೆನ್ನು ಮುರಿಯಿತೆಂದು ಲೆಕ್ಕ. ಈ ಕರಾವಳಿಯ ಹಳೆಯ ದುರೂರ್ ಪಂಚಾಂಗ ಆ ದಿನದಿಂದಲೇ ಎಣಿಸಲು ಶುರುಮಾಡುತ್ತದೆ: ಹತ್ತು ಹತ್ತು ದಿನಗಳ 36 ಕಟ್ಟು, ಕೊನೆಗೆ ಉಳಿದ ಐದು ದಿನ. ನಾವಿಕರು, ಮುತ್ತು ತೆಗೆಯುವವರು, ಖರ್ಜೂರ ಬೆಳೆಯುವವರು ಇದನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಹಿಜರಿ ತಿಂಗಳುಗಳು ಋತುವನ್ನು ಹಿಡಿದು ನಿಲ್ಲುವುದಿಲ್ಲವಾದ್ದರಿಂದ ದುಡಿಮೆಗೆ ನಕ್ಷತ್ರದ ಪಂಚಾಂಗ, ಪ್ರಾರ್ಥನೆಗೆ ಚಂದ್ರನ ಪಂಚಾಂಗ ಎಂದು ಎರಡನ್ನೂ ಇಟ್ಟುಕೊಂಡ ಜನ ಇವರು.

ನಮ್ಮಲ್ಲಿ ಅಗಸ್ತ್ಯ ಉದಯಿಸಿದರೆ ಮಳೆಯ ಕದಡು ಇಳಿದು ನೀರು ತಿಳಿಯಾಗುತ್ತದೆ ಎಂಬ ನಂಬಿಕೆ. ಭಾದ್ರಪದದಲ್ಲಿ ಅಗಸ್ತ್ಯನಿಗೆ ಅರ್ಘ್ಯ ಕೊಡುವ ವಿಧಿ ಪಂಚಾಂಗಗಳಲ್ಲಿದೆ. ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಈ ನಕ್ಷತ್ರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಅದರ ಉದಯ ಎಲ್ಲ ಕಡೆ ಒಂದೇ ದಿನವಲ್ಲ, ಪ್ರತಿಯೊಂದು ದೇಶಕ್ಕೂ ಬೇರೆಯಾಗಿ ಗಣಿಸಬೇಕು ಎನ್ನುತ್ತಾನೆ. ಶಾಸ್ತ್ರ ಬಲ್ಲವನಿಗೆ ದಿನ ಎಂಬುದು ಊರೂರಿಗೆ ಬೇರೆ ಎಂಬ ವಿಷಯದಲ್ಲಿ ಅಂಜಿಕೆ ಇರಲಿಲ್ಲ.

ಸಮುದ್ರದ ಕಥೆಯೂ ಹೀಗೆಯೇ ತಳಕು ಹಾಕಿಕೊಂಡಿದೆ. ಜೂನಿನಿಂದ ನಮ್ಮ ಕಡಲು ಮುಚ್ಚುತ್ತದೆ. ಈಗಲೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುವುದು ಮತ್ತೆ ದೋಣಿ ಇಳಿಸುವ ಕಾಲದ ಪೂಜೆ. ಅದೇ ತಿಂಗಳುಗಳಲ್ಲಿ ಗಲ್ಫಿನ ನೀರು ಮುತ್ತಿಗಾಗಿ ತೆರೆದಿರುತ್ತಿತ್ತು. ದೊಡ್ಡ ಮುಳುಗು ಎಂದು ಕರೆಯುತ್ತಿದ್ದ ಹಂಗಾಮು ಸೆಪ್ಟೆಂಬರಿನಲ್ಲಿ ಮುಗಿದು ಹಡಗುಗಳು ಮನೆಗೆ ಮರಳುವುದಕ್ಕೆ ಅಲ್ ಕುಫ್ಫಾಲ್ ಎಂಬ ಹೆಸರು. ದಡದಲ್ಲಿ ಕಾಯುತ್ತಿದ್ದ ಹೆಂಗಸರಿಗೆ ಅದಕ್ಕಿಂತ ದೊಡ್ಡ ಹಬ್ಬ ಯಾವುದಿತ್ತು? ಗಾಳಿ ತಿರುಗಿದ ಮೇಲೆ ಮಂಗಳೂರಿನ ಅಕ್ಕಿ ಈ ಕಡೆಗೆ ಹೊರಡುತ್ತಿತ್ತು. ಮಸ್ಕತ್ತಿಗೆ ಆ ಅಕ್ಕಿ ಎಷ್ಟು ಬೇಕಾಗಿತ್ತೆಂದರೆ ಟಿಪ್ಪು ಸುಲ್ತಾನ್ ಅಲ್ಲಿ ತನ್ನದೇ ಕೋಠಿ ಇಟ್ಟಿದ್ದ.

ಆ ಅಕ್ಕಿಯ ಮೊದಲ ತೆನೆಯ ಸುತ್ತ ನಮ್ಮ ಕರಾವಳಿಯ ಎಲ್ಲ ಮತದವರ ಹಬ್ಬಗಳೂ ಹೆಣೆದುಕೊಂಡಿವೆ. ತುಳುವರ ಮನೆಯಲ್ಲಿ ಕುರಲ್ ಕಟ್ಟುವುದು, ಹೊಸ ಅಕ್ಕಿ ಉಣ್ಣುವ ಪುದ್ವಾರ್; ಗಡಿಯಾಚೆ ಕೇರಳದ ದೇವಸ್ಥಾನಗಳಲ್ಲಿ ನಿರಪುತ್ತರಿ; ಕೊಂಕಣಿ ಕಥೋಲಿಕರಲ್ಲಿ ಮೊಂತಿ ಫೆಸ್ತ್. ಆ ದಿನಗಳಲ್ಲಿ ಮಂಗಳೂರಿನ ಸಂತೆಗೆ ಹೋದರೆ ಚೌತಿಯವರೂ ಮೊಂತಿಯವರೂ ಕೊಳ್ಳುವುದು ಅದೇ ಕೆಸುವಿನೆಲೆ, ಅದೇ ಅಂಬಟೆ, ಅದೇ ಹೀರೆ, ಅದೇ ಕಬ್ಬು.

ಸರಿದ ಹಬ್ಬ

ಮೊಂತಿ ಫೆಸ್ತಿನ ಬಳಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಮಾತಿನ ತಿರುಳು ಅಲ್ಲಿದೆ.

ಸೆಪ್ಟೆಂಬರ್ 8 ಮೇರಿಮಾತೆಯ ಹುಟ್ಟುಹಬ್ಬವೆಂದು ಕಥೋಲಿಕ ಜಗತ್ತೆಲ್ಲ ಆಚರಿಸುತ್ತದೆ. ಆದರೆ ಮಕ್ಕಳು ಒಂಬತ್ತು ದಿನ ಬಾಲ ಮೇರಿಗೆ ಹೂ ಹಾಕುವುದು, ಪಾದ್ರಿಗಳು ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುವುದು, ಬಾಳೆಲೆಯ ಮೇಲೆ ಬೆಸಸಂಖ್ಯೆಯ ತರಕಾರಿ ಪದಾರ್ಥಗಳ ಊಟ, ಆ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮೊದಲು ಸೇವಿಸುವುದು, ಮೀನು ಮಾಂಸ ಬಿಡುವುದು ನಮ್ಮ ಕರಾವಳಿಯವರದ್ದು. ಫರಂಗಿಪೇಟೆಯಲ್ಲಿ ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವಾ ಮೂಲದ ಫಾದರ್ ಜೋಕಿಂ ಮಿರಾಂಡ ಇದನ್ನು ಆರಂಭಿಸಿದರು ಎಂಬುದು ಸಮುದಾಯ ಉಳಿಸಿಕೊಂಡು ಬಂದ ಚರಿತ್ರೆ. ಗೋವಾದಿಂದ ಬಂದವರು ತೆನೆಯ ಆಚರಣೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿದ್ದರು. ಗೋವಾದಲ್ಲಿ ಅದು ಇವತ್ತಿಗೂ ಆಗಸ್ಟಿನಲ್ಲಿ, ಅದೂ ಊರಿಗೊಂದು ದಿನ: ರಾಯ್‌ಯಲ್ಲಿ 5ಕ್ಕೆ, ತಾಳೆಗಾಂವಿನಲ್ಲಿ 21ಕ್ಕೆ. ನಮ್ಮ ಕರಾವಳಿಯಲ್ಲಿ ಅದನ್ನು ಮೇರಿಯ ಹುಟ್ಟುಹಬ್ಬಕ್ಕೆ ತಂದು ಜೋಡಿಸಿದರು. 1784ರಿಂದ 1799ರವರೆಗೆ ಟಿಪ್ಪು ಈ ಜನರನ್ನು ಇರಿಸಿದ್ದ ಶ್ರೀರಂಗಪಟ್ಟಣದ ಸೆರೆಯನ್ನು ದಾಟಿಯೂ ಆ ಜೋಡಣೆ ಬಿಚ್ಚಲಿಲ್ಲ.

ತೆನೆಯ ದಿನ ಸರಿಯಿತು, ಮೇರಿಯ ದಿನಕ್ಕೆ ಹೊಸ ಬಣ್ಣ ಬಂತು. ಯಾರ ಭಕ್ತಿಯೂ ಇದರಿಂದ ಕುಂದಲಿಲ್ಲ.

ಇದೇ ಜನ ದುಬೈಗೆ ಬಂದಾಗ ಇನ್ನೊಂದು ದಿನ ಸರಿಯಿತು. ಶೇಖ್ ರಾಶಿದ್ ಬಿನ್ ಸಯೀದ್ ಅಲ್ ಮಕ್ತೂಮ್ ಕೊಟ್ಟ ಜಾಗದಲ್ಲಿ ಸೇಂಟ್ ಮೇರೀಸ್ 1967ರಲ್ಲಿ ತೆರೆಯಿತು. ಈಗಿನ ದೊಡ್ಡ ಕಟ್ಟಡ 1989ರದ್ದು. ಭಾನುವಾರ ಇಲ್ಲಿ ಕೆಲಸದ ದಿನವಾಗಿತ್ತು. ಹಾಗಾಗಿ ಕ್ರೈಸ್ತ ಜಗತ್ತಿಗೆ ಆಧಾರವಾದ ಭಾನುವಾರವನ್ನೇ ಈ ಚರ್ಚಿನವರು ದಶಕಗಳ ಕಾಲ ಶುಕ್ರವಾರಕ್ಕೆ ತಂದರು. ಮುಸ್ಲಿಮರು ಜುಮಾ ನಮಾಜಿಗೆ ಹೊರಡುವ ದಿನ ಊದ್ ಮೇಥಾದ ರಸ್ತೆಗಳಲ್ಲಿ ಕೊಂಕಣಿ, ಮಲಯಾಳಂ, ತಮಿಳು, ತಗಲೋಗ್ ಮಾತಾಡುವವರು ಪೂಜೆಗೆ ಸಾಲುಗಟ್ಟುತ್ತಿದ್ದರು. ಇಲ್ಲಿನ ವಾರದ ರಜೆ 2006ರವರೆಗೆ ಗುರುವಾರ ಶುಕ್ರವಾರ, ಆಮೇಲೆ ಶುಕ್ರವಾರ ಶನಿವಾರ, 2022ರ ಜನವರಿಯಿಂದ ಶನಿವಾರ ಭಾನುವಾರ, ಜತೆಗೆ ಸರ್ಕಾರಿ ಕಚೇರಿಗಳಿಗೆ ಶುಕ್ರವಾರದ ಅರ್ಧ ದಿನ. ಭಾನುವಾರ ಮರಳಿ ಭಾನುವಾರವೇ ಆದಾಗ, ಶುಕ್ರವಾರದ ಪೂಜೆಗೆ ಒಗ್ಗಿಹೋಗಿದ್ದ ಹಿರಿಯರಿಗೆ ಹೊಸತಾಗಿ ಕಂಡದ್ದು ಅದೇ.

ಸರಿಸುವುದು ಒಂದು ಮತದ ಗುಣವಲ್ಲ. ಕೃಷ್ಣನ ಹುಟ್ಟುಹಬ್ಬವನ್ನು ನೋಡಿ: ಚಾಂದ್ರಮಾನದವರಿಗೆ ಅದು ಶ್ರಾವಣದ ಅಷ್ಟಮಿ. ಉಡುಪಿಗೆ ಸೌರಮಾನದ ಸಿಂಹ ಮಾಸದ ಅಷ್ಟಮಿ, ರೋಹಿಣಿ ಬೇಕು. ಈ ವರ್ಷ ಎರಡರ ನಡುವೆ ಒಂದು ತಿಂಗಳ ಅಂತರ. ಬೆಂಗಳೂರಿನಲ್ಲಿ ಚಕ್ಕುಲಿ ಮುಗಿದು ನಾಲ್ಕು ವಾರವಾದ ಮೇಲೆ ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿ. ಒಬ್ಬನೇ ದೇವರು, ಒಂದೇ ರಾಜ್ಯ, ಎರಡು ಹುಟ್ಟುಹಬ್ಬ. ಯಾರೂ ಇನ್ನೊಬ್ಬರನ್ನು ತಪ್ಪು ಎನ್ನುವುದಿಲ್ಲ.

ಚಂದ್ರದರ್ಶನವೂ ಹಾಗೆಯೇ. ಕರಾವಳಿಯ ಮುಸ್ಲಿಮರು ಸಾಮಾನ್ಯವಾಗಿ ಕೇರಳದ ಕರಾವಳಿಯಲ್ಲಿ ಚಂದ್ರ ಕಂಡದ್ದನ್ನು ನೆಚ್ಚಿ ಖಾಝಿಗಳು ಹೇಳಿದ ದಿನವನ್ನು ಹಿಡಿಯುತ್ತಾರೆ; ರಾಜ್ಯದ ಉಳಿದೆಡೆಗಿಂತ ಒಂದು ದಿನ ಮೊದಲೇ ಅವರಿಗೆ ಪೆರ್ನಾಳ್ (ಈದ್) ಬರುವುದುಂಟು. ಗಲ್ಫಿನಲ್ಲಿ ಕೆಲವು ವರ್ಷ ಇನ್ನೂ ಒಂದು ದಿನ ಮೊದಲು. 2024ರ ಮಿಲಾದ್ ಇಲ್ಲಿ ಸೆಪ್ಟೆಂಬರ್ 15ಕ್ಕೆ, ಊರಿನಲ್ಲಿ 16ಕ್ಕೆ. ಮಿಲಾದ್ ಆಚರಿಸಬೇಕೇ ಬೇಡವೇ ಎಂಬಲ್ಲಿಯೇ ಮುಸ್ಲಿಮರಲ್ಲಿ ಎರಡು ಅಭಿಪ್ರಾಯಗಳಿವೆ. ಎಮಿರೇಟ್ಸ್ ಅದಕ್ಕೆ ರಜೆ ಕೊಡುತ್ತದೆ, ಪಕ್ಕದ ಸೌದಿ ಕೊಡುವುದಿಲ್ಲ. ಬ್ಯಾರಿ ಮಕ್ಕಳು ದಫ್ ಬಡಿಯುತ್ತಾ ಮದರಸದಿಂದ ಹೊರಡುವ ಮೆರವಣಿಗೆ, ಮೌಲಿದ್ ಪಾರಾಯಣ, ದಾರಿಯಲ್ಲಿ ಶರಬತ್ತು ಹಿಡಿದು ನಿಲ್ಲುವ ಬೇರೆ ಮತದ ಅಂಗಡಿಯವರು, ಇದೆಲ್ಲ ನಮ್ಮ ಕರಾವಳಿ ಆ ದಿನಕ್ಕೆ ಕೊಟ್ಟ ರೂಪ.

ವಾರಾಂತ್ಯದ ಪಂಚಾಂಗ

ಈಗ ನಮ್ಮದೇ ಅಂಗಳಕ್ಕೆ ಬರೋಣ. ದುಬೈಯಲ್ಲಿ ಎಲ್ಲ ಮತಗಳಿಗೂ ಸಮಾನವಾದ ಇನ್ನೊಂದು ಪಂಚಾಂಗ ಇದೆ: ವಾರಾಂತ್ಯ. ಸಾರ್ವಜನಿಕ ಗಣೇಶ ಪೂಜೆ ಶನಿವಾರ, ವರಮಹಾಲಕ್ಷ್ಮಿ ವ್ರತ ಭಾನುವಾರ, ಓಣಂನ ‘ಸದ್ಯ’ ಊಟ ನವೆಂಬರಿನವರೆಗೆ. ಬಯಲಿನಲ್ಲಿ ದುಡಿಯುವವರಿಗೆ ಬೇರೆಯೇ ಗಡಿ: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಆ ವಿರಾಮ ಮುಗಿದ ದಿನ ಅವರ ಬೇಸಿಗೆ ಮುಗಿದ ದಿನ. ಸಂಘಗಳ ಹಬ್ಬದ ಕರೆಯೋಲೆಯಲ್ಲಿ ಅವರ ವೇಳಾಪಟ್ಟಿಯನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ವಾರಾಂತ್ಯಕ್ಕೆ ಸರಿಸಿದ್ದಕ್ಕೆ ನಮ್ಮಲ್ಲಿ ಕೆಲವರಿಗೆ ಅಳುಕು. ಊರಿನಿಂದ ಫೋನು ಮಾಡಿದ ಅತ್ತೆ, ತಿಥಿ ಬಿಟ್ಟು ಮಾಡಿದ ಪೂಜೆಗೆ ಫಲವೇನು ಎನ್ನುತ್ತಾರೆ. ಅವರಿಗೆ ಎರಡು ಉತ್ತರಗಳಿವೆ. ಮೊದಲನೆಯದು ಶಾಸ್ತ್ರದ್ದೇ: ಆಗಸ್ಟ್ ಕೊನೆಯಲ್ಲಿ ದುಬೈಯ ಸೂರ್ಯೋದಯ ಉಡುಪಿಯದ್ದಕ್ಕಿಂತ ಒಂದು ಗಂಟೆಗೂ ಹೆಚ್ಚು ತಡ. ಆ ಅವಧಿಯಲ್ಲಿ ತಿಥಿ ಬದಲಾದರೆ ಅಲ್ಲಿಯ ದಿನ ಇಲ್ಲಿಗೆ ಹೊಂದುವುದೇ ಇಲ್ಲ. ಊರಿನ ಪಂಚಾಂಗವನ್ನು ಅಕ್ಷರಶಃ ಇಲ್ಲಿ ನಡೆಸುವುದೇ ಅಶಾಸ್ತ್ರೀಯವಾಗಬಹುದು. ಎರಡನೆಯದು ಚರಿತ್ರೆಯದ್ದು: ಹಬ್ಬ ಅಂದರೆ ಕದಲದ ದಿನ ಎಂಬ ಭಾವನೆ ಗೋಡೆಯ ಕ್ಯಾಲೆಂಡರೂ ಮೊಬೈಲೂ ಬೆಳೆಸಿದ ಭಾವನೆ. ಇದುವರೆಗೆ ಹೇಳಿದ ಪ್ರತಿಯೊಂದು ಮತವೂ ತನ್ನ ದಿನವನ್ನು ಭೂಮಿಗೆ, ಆಕಾಶಕ್ಕೆ, ಆಳುವವರ ವಾರಕ್ಕೆ ಹೊಂದಿಸಿಕೊಂಡೇ ಬಾಳಿದೆ.

ಹಾಗಾದರೆ ಹೇಗೆ ಬೇಕಾದರೂ ಸರಿಸಬಹುದೇ? ಇಲ್ಲಿ ನನ್ನದೊಂದು ವಿಂಗಡಣೆ ಇದೆ. ಕಾರಣಕ್ಕಾಗಿ ಸರಿಸುವುದು ಒಂದು: ಫರಂಗಿಪೇಟೆಯಲ್ಲಿ ಮಾಡಿದ್ದು ಅದು. ಅನುಕೂಲಕ್ಕಾಗಿ ಸರಿಸುವುದು ಇನ್ನೊಂದು: ನಾವು ಮಾಡುತ್ತಿರುವುದು ಬಹುಮಟ್ಟಿಗೆ ಅದು. ತಪ್ಪೇನಲ್ಲ, ಆದರೆ ಹಬ್ಬ ಏಕೆ ಆ ಕಾಲಕ್ಕೆ ಬರುತ್ತದೆ ಎಂಬುದನ್ನು ಮಕ್ಕಳಿಗೆ ಹೇಳದೆ ಸರಿಸಿದರೆ ತೆನೆಯೂ ಚಂದ್ರನೂ ಮಾಯವಾಗಿ ವೇದಿಕೆ, ಧ್ವನಿವರ್ಧಕ, ಪ್ರಾಯೋಜಕರ ಫಲಕ ಮಾತ್ರ ಉಳಿಯುತ್ತವೆ.

ಮೂರನೆಯದು ಅಪರೂಪದ್ದು: ಪಕ್ಕದವರಿಗಾಗಿ ಸರಿಸುವುದು. 2023ರಲ್ಲಿ ಮಿಲಾದ್ ಮತ್ತು ಅನಂತ ಚತುರ್ದಶಿ ಒಂದೇ ದಿನ ಬಂದಾಗ ಮುಂಬೈಯ ಮುಸ್ಲಿಮರು ಗಣೇಶ ವಿಸರ್ಜನೆಗೆ ಬೀದಿ ಬಿಟ್ಟುಕೊಟ್ಟು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಇಟ್ಟುಕೊಂಡರು. 2024ರಲ್ಲಿ ಸೆಪ್ಟೆಂಬರ್ 18ಕ್ಕೆ, ಈ ವರ್ಷ 8ಕ್ಕೆ. ಮೂರು ವರ್ಷವೂ ಸರಿದವರು ಅವರೇ. ಇದನ್ನು ಹೊಗಳಿ ಮುಗಿಸುವುದು ಸುಲಭ. ಸರಿಯುವ ಸರದಿ ಯಾವಾಗಲೂ ಒಬ್ಬರದ್ದೇ ಆದರೆ ಅದು ಔದಾರ್ಯವಾಗಿ ಎಷ್ಟು ಕಾಲ ಉಳಿದೀತು ಎಂದು ಉಳಿದವರು ಕೇಳಿಕೊಳ್ಳಬೇಕು. ಮೊಂತೆ ಮರಿಯಾನೊದ ಪಾದ್ರಿ ಒಂದು ನೆಲದ ತೆನೆಗೆ ಬಾಗಿದರು. ಮುಂಬೈಯವರು ಪಕ್ಕದ ಬೀದಿಗೆ ಬಾಗಿದರು. ಸಾಮರಸ್ಯ ಎಂದು ನಾವು ಕರೆಯುವುದರಲ್ಲಿ ಭಾವನೆ ಕಡಿಮೆ, ಇಂಥ ಹೊಂದಾಣಿಕೆಯ ಲೆಕ್ಕಾಚಾರವೇ ಹೆಚ್ಚು.

ಎಮಿರೇಟ್ಸಿನಲ್ಲಿ ಬೀದಿಯ ಸ್ಪರ್ಧೆ ಇಲ್ಲ. ಆರಾಧನೆ ಗೊತ್ತಾದ ಆವರಣಗಳೊಳಗೆ ನಡೆಯುತ್ತದೆ. ಗಣಪತಿ ಎಷ್ಟೋ ಮನೆಗಳಲ್ಲಿ ಬಕೆಟ್ಟಿನ ನೀರಿನಲ್ಲೇ ಕರಗಿ ತುಳಸಿ ಕುಂಡ ಸೇರುತ್ತಾನೆ. ಜೆಬೆಲ್ ಅಲಿಯಲ್ಲಿ 2012ರ ಗುರುದ್ವಾರ ಮತ್ತು 2022ರ ಹಿಂದೂ ದೇವಸ್ಥಾನ ಚರ್ಚುಗಳ ನೆರೆಯಲ್ಲಿವೆ. ಅಬುಧಾಬಿಯಲ್ಲಿ 2023ರಿಂದ ಮಸೀದಿ, ಚರ್ಚ್, ಸಿನಗಾಗ್ ಒಂದೇ ಆವರಣದಲ್ಲಿವೆ. ಇಲ್ಲಿನ ವ್ಯವಸ್ಥೆ ಘರ್ಷಣೆಯನ್ನು ತಪ್ಪಿಸಿದೆ. ಅದರ ಬೆಲೆಯಾಗಿ ಇನ್ನೊಬ್ಬರ ಹಬ್ಬ ನಮ್ಮ ಕಣ್ಣಿಗೆ ಬೀಳುವುದೂ ತಪ್ಪಿದೆ. ಊರಿನಲ್ಲಿ ಮಿಲಾದಿನ ಮೆರವಣಿಗೆ ಮನೆಯೆದುರೇ ಹೋಗುತ್ತದೆ. ಇಲ್ಲಿ ಅದು ಯಾವತ್ತೆಂದು ತಿಳಿಯುವುದು ರಜೆ ಸಿಕ್ಕಾಗ.

ಅದಕ್ಕೆ ಈ ದತ್ತಿಯ ವೇದಿಕೆಯಿಂದ ಒಂದು ಸೂಚನೆ ಇಡುತ್ತೇನೆ. ಮುಂದಿನ ವರ್ಷ ಚಂದ್ರನೇ ನಮಗೆ ಬಿಡುವು ಕೊಡುತ್ತಾನೆ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬರುವುದರಿಂದ ಚೌತಿ ಸೆಪ್ಟೆಂಬರ್ 14ಕ್ಕೆ ಹೋಗುತ್ತದೆ. ಮಿಲಾದ್, ಚಂದ್ರದರ್ಶನಕ್ಕೆ ಒಳಪಟ್ಟು, ಆಗಸ್ಟ್ 25ರ ಆಸುಪಾಸಿಗೆ. ಮರುದಿನವೋ ಅದೇ ದಿನವೋ ತಿರುವೋಣಂ. ಸೆಪ್ಟೆಂಬರ್ 8 ಮಂಗಳವಾರ. ಇಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ, ನವಾಯತಿ ಮಾತಾಡುವವರ ಹತ್ತಾರು ಸಂಘಗಳಿವೆ. ಜನವರಿಯಲ್ಲಿ ಸಭಾಂಗಣ ಕಾಯ್ದಿರಿಸುವ ಮೊದಲು ಎಲ್ಲರೂ ಒಂದು ಮೇಜಿಗೆ ಬಂದು ತಾರೀಕುಗಳನ್ನು ಮುಂದಿಡಲಿ. ಯಾರು ಯಾವ ಶನಿವಾರ ಬಿಟ್ಟುಕೊಡುತ್ತಾರೆ ಎಂದು ಸರದಿ ಗೊತ್ತಾಗಲಿ. ಒಂದು ಕಾರ್ಯಕ್ರಮವಾದರೂ ಬಯಲಿನಲ್ಲಿ ದುಡಿಯುವವರ ಬಿಡುವಿಗೆ ಹೊಂದುವಂತೆ ಇರಲಿ. ಪ್ರತಿ ಹಬ್ಬದ ಆಮಂತ್ರಣದಲ್ಲಿ, ಇದು ಈ ಕಾಲಕ್ಕೆ ಏಕೆ ಬರುತ್ತದೆ ಎಂದು ನಾಲ್ಕು ಸಾಲು ಬರೆಯಲಿ. ಹಬ್ಬದ ದಿನವನ್ನು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆಗೆ ಆಕಾಶದಷ್ಟೇ ನಾವೂ ಉತ್ತರ ಕೊಡಬೇಕಾದವರು. ಮೊದಲ ಸಭೆಗೆ ಜಾಗ ಈ ಊದ್ ಮೇಥಾದಲ್ಲೇ ಸಿಕ್ಕೀತು. ದಿನವನ್ನು ಮಾತ್ರ ಒಟ್ಟಿಗೆ ಕೂತು ಗೊತ್ತುಮಾಡಿ.